ಕೊರೋನಾ ಜ್ವರವೂ ಕಂಠದ ಗ್ರಂಥಿಯೂ

ಮನೆಯಲ್ಲಿ ಒಬ್ಬರು ಕಠಿಣವಾದ ಜ್ವರದಿಂದ ಮಲಗಿದಾಗ ಮಿಕ್ಕವರು ಎರಡು ಬಗೆಯ ತಪ್ಪುಗಳನ್ನು ಮಾಡುವುದುಂಟು. ಬೇಕಾದ ಔಷಧವನ್ನು ಬಿಡಿಸುವುದು ಒಂದು. ಬೇಡದ ಔಷಧವನ್ನು ಕೊಡಲು ಆತುರಪಡುವುದು ಮತ್ತೊಂದು. ೨೦೨೧ನೆಯ ಇಸವಿಯ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಕೊರೋನಾದ ಎರಡನೆಯ ಅಲೆ ನಮ್ಮ ನಾಡಿನ ಮೇಲೆ ಎರಗಿದ್ದ ಕಾಲದಲ್ಲಿ, ನಾವು ಈ ಎರಡು ತಪ್ಪುಗಳಿಗೂ ಪಾತ್ರರಾದೆವು. ಸೋಜಿಗವೇನೆಂದರೆ ಎರಡೂ ಒಂದೇ ಗುಳಿಗೆಯ ವಿಷಯದಲ್ಲಿ ನಡೆದವು. ಸ್ವಂತ ಮನೆಯ ಮಾತನ್ನು ಹತ್ತು ಜನರ ಮುಂದಿಡುವುದು ನಮಗೆ ರೂಢಿಯಲ್ಲ. ಆದರೂ ಇದರಿಂದ ಇನ್ನೊಂದು ಮನೆಗೆ ಉಪಕಾರವಾದೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ನಮ್ಮ ಗೃಹಿಣಿಗೆ ಥೈರಾಯ್ಡ್ ಗ್ರಂಥಿಯ ಶಕ್ತಿ ಕುಗ್ಗಿ ಆಗಲೇ ಹನ್ನೆರಡು ವರ್ಷಗಳಾಗಿದ್ದವು. ದಿನವೂ ಬೆಳಗ್ಗೆ ಕಾಫಿಗೆ ಮುಂಚೆ, ಬರಿಯ ಹೊಟ್ಟೆಯಲ್ಲಿ, ಥೈರಾಕ್ಸಿನ್ ಎಂಬ ಸಣ್ಣ ಗುಳಿಗೆಯೊಂದನ್ನು ನುಂಗುವುದು ಅವರ ನಿತ್ಯನೇಮ. ಏಪ್ರಿಲ್ ಮಧ್ಯದಲ್ಲಿ ಅವರಿಗೆ ಜ್ವರ ಬಂದಿತು. ಪರೀಕ್ಷೆ ಮಾಡಿಸಲಾಗಿ ಕೊರೋನಾ ಎಂದು ತಿಳಿಯಿತು. ರೋಗವು ಹಗುರವಾಗಿದ್ದುದರಿಂದ ಮನೆಯ ಹಿಂದಿನ ಕೋಣೆಯಲ್ಲಿಯೇ ಪ್ರತ್ಯೇಕವಾಗಿ ಉಳಿದರು. ಜ್ವರದ ಗುಳಿಗೆ, ಕೆಮ್ಮಿನ ಔಷಧ, ಸತುವಿನ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ವಿಟಮಿನ್ ಗುಳಿಗೆ ಹೀಗೆ ತಟ್ಟೆಯ ತುಂಬ ಔಷಧಗಳಾದವು. “ಇಷ್ಟರ ಮೇಲೆ ಅದೊಂದು ಏಕೆ? ಮೈ ಸರಿಹೋದ ಮೇಲೆ ನೋಡೋಣ” ಎಂದರು. ನಾವೂ “ಹಾಗೆಯೇ ಆಗಲಿ” ಎಂದೆವು. ಸೀಸೆ ಕಪಾಟನ್ನು ಸೇರಿತು.

ಅದಾಗಿ ಹತ್ತು ದಿನಗಳೊಳಗೆ ನಮ್ಮ ತಂಗಿಗೆ ಅದೇ ರೋಗವು ಉಗ್ರವಾಗಿ ಬಂದಿತು. ಉಸಿರಾಟ ಕಷ್ಟವಾಗಿ, ಅವಳನ್ನು ಜಿಲ್ಲೆಯ ಮುಖ್ಯ ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಮ್ಲಜನಕ ಕೊಡುತ್ತಿದ್ದರು. ನಮ್ಮವರಾರಿಗೂ ಒಳಗೆ ಪ್ರವೇಶವಿರಲಿಲ್ಲ. ಗಂಜಿಯ ಫ್ಲಾಸ್ಕನ್ನೂ ಬಟ್ಟೆಯನ್ನೂ ಚೀಲದಲ್ಲಿಟ್ಟು ಬಾಗಿಲಿನಲ್ಲಿ ಕೊಟ್ಟು ಬರುವುದಷ್ಟೇ ನಮ್ಮ ಪಾಲಿನ ಸೇವೆ. ಒಂದು ದಿನ ರಕ್ತಪರೀಕ್ಷೆಗಳ ಫಲವನ್ನು ಬೆಂಗಳೂರಿನಲ್ಲಿರುವ ಅವಳ ಮಗನ ಮೊಬೈಲಿಗೆ ಕಳುಹಿಸಿದರು. ಅವನು ಅದನ್ನು ಓದಿ ನಮಗೆ ಫೋನು ಮಾಡಿದನು. “ಮಾವ, ಅಮ್ಮನಿಗೆ ಥೈರಾಯ್ಡ್ ಕೂಡ ನಿಂತುಹೋಗುತ್ತಿದೆ. ಟಿ-೩ ತೀರ ಕೆಳಗಿದೆ. ಆಸ್ಪತ್ರೆಯವರು ಏನೂ ಕೊಡುತ್ತಿಲ್ಲ” ಎಂದು ಗದ್ಗದಿತನಾದನು.

ನಮಗೆ ಕಪಾಟಿನ ಸೀಸೆ ನೆನಪಾಯಿತು. ಮರುದಿನ ಗಂಜಿಯ ಜೊತೆಗೆ ಆ ಸೀಸೆಯನ್ನೂ ಚೀಲದಲ್ಲಿಟ್ಟು, ಬೆಳಗ್ಗೆ ಒಂದು ನುಂಗಬೇಕೆಂದು ಚೀಟಿ ಬರೆದು ಒಳಗೆ ಕಳುಹಿಸಿದೆವು. ಸಂಜೆಯ ಹೊತ್ತಿಗೆ ವೈದ್ಯರೇ ಫೋನು ಮಾಡಿದರು. ಅವರು ನಮ್ಮ ಪಾಠಶಾಲೆಯಲ್ಲಿ ಓದಿದವರು. “ಮೇಷ್ಟ್ರೇ, ಚೀಲದಲ್ಲಿದ್ದ ಗುಳಿಗೆ ಯಾರದು?” ಎಂದು ಕೇಳಿದರು. ಹೇಳಿದೆವು. ಒಂದು ಕ್ಷಣ ಮೌನವಾಗಿದ್ದು, “ಅದನ್ನು ನಾವು ತೆಗೆದಿಟ್ಟಿದ್ದೇವೆ. ನಿಮ್ಮ ತಂಗಿಯವರಿಗೆ ಅದು ಬೇಡ. ಆದರೆ ಅದು ಇಲ್ಲಿರುವಾಗ ಮನೆಯಲ್ಲಿ ಅಮ್ಮನವರು ಏನು ತೆಗೆದುಕೊಳ್ಳುತ್ತಿದ್ದಾರೆ?” ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದೇ ಗುಳಿಗೆ ಒಬ್ಬರಿಗೆ ಬೇಡವಾದುದು ಏಕೆ, ಇನ್ನೊಬ್ಬರಿಗೆ ಬೇಕೇ ಬೇಕಾದುದು ಏಕೆ? ಇದನ್ನು ತಿಳಿಯಬೇಕಾದರೆ ಆ ಗ್ರಂಥಿಯ ಕೆಲಸವನ್ನು ಸ್ವಲ್ಪ ತಿಳಿಯಬೇಕು.

ಥೈರಾಯ್ಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಗೆ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಿರುವುದು. ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ. ವಯಸ್ಕರಲ್ಲಿ ತೂಕ ಸುಮಾರು ೧೫ರಿಂದ ೨೦ ಗ್ರಾಮು. ನಮ್ಮ ಪೂರ್ವಿಕರು ಇದರ ಊತವನ್ನು ಬಲ್ಲರು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗಲಗಂಡವೆಂಬ ರೋಗದ ವರ್ಣನೆಯಿದೆ. ಗ್ರಂಥಿಗೆ ಈಗಿನ ಹೆಸರನ್ನು ಕೊಟ್ಟವನು ಥಾಮಸ್ ವಾರ್ಟನ್ ಎಂಬ ಆಂಗ್ಲ ವೈದ್ಯನು, ೧೬೫೬ರಲ್ಲಿ. ಗುರಾಣಿಯೆಂಬ ಅರ್ಥದ ಗ್ರೀಕ್ ಶಬ್ದದಿಂದ ಆ ಹೆಸರು ಹುಟ್ಟಿತು.

ಈ ಗ್ರಂಥಿಯು ಆಹಾರದಲ್ಲಿರುವ ಅಯೋಡಿನ್ನನ್ನು ಹೀರಿ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳುಳ್ಳದ್ದು ಟಿ-೪, ಅಂದರೆ ಥೈರಾಕ್ಸಿನ್, ಮೂರುಳ್ಳದ್ದು ಟಿ-೩. ಮೊದಲನೆಯದನ್ನು ಅಮೆರಿಕದ ಎಡ್ವರ್ಡ್ ಕೆಂಡಾಲ್ ೧೯೧೪ರಲ್ಲಿ ಬೇರ್ಪಡಿಸಿದನು. ಎರಡನೆಯದು ೧೯೫೨ರಲ್ಲಿ ಬೆಳಕಿಗೆ ಬಂದಿತು. ಗೃಹಿಣಿಯರಿಗೆ ಹೇಳುವುದಾದರೆ, ಟಿ-೪ ಎಂಬುದು ಕಣಜದಲ್ಲಿರುವ ಭತ್ತ. ಟಿ-೩ ಎಂಬುದು ಬೇಯಿಸಿದ ಅನ್ನ. ಗ್ರಂಥಿಯು ಕಳುಹಿಸುವುದು ಹೆಚ್ಚಾಗಿ ಭತ್ತವನ್ನೇ. ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಗಳು ಅದರಿಂದ ಒಂದು ಅಯೋಡಿನ್ ಪರಮಾಣುವನ್ನು ಕಳಚಿ ಅನ್ನವಾಗಿ ಮಾಡಿಕೊಳ್ಳುತ್ತವೆ. ದೇಹದಲ್ಲಿರುವ ಟಿ-೩ರ ಐದರಲ್ಲಿ ಸುಮಾರು ನಾಲ್ಕು ಪಾಲು ಹೀಗೆ ಗ್ರಂಥಿಯ ಹೊರಗೆ ಹುಟ್ಟಿದುದು. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮನಸ್ಸಿನ ಚುರುಕು ಇವೆಲ್ಲ ಅದರ ಅಧೀನ. ಇವೆಲ್ಲದರ ಮೇಲ್ವಿಚಾರಣೆಗೆ ಮಿದುಳಿನ ತಳದಲ್ಲಿ ಪಿಟ್ಯೂಟರಿ ಎಂಬ ಗ್ರಂಥಿಯುಂಟು. ಅದು ಟಿ.ಎಸ್.ಎಚ್. ಎಂಬ ರಸವನ್ನು ಸುರಿಸಿ ಥೈರಾಯ್ಡಿಗೆ ಆಜ್ಞೆಮಾಡುತ್ತದೆ. ಹಾರ್ಮೋನು ಕಡಿಮೆಯಾದರೆ ಆಜ್ಞೆ ಜೋರಾಗುವುದು, ಹೆಚ್ಚಾದರೆ ತಗ್ಗುವುದು. ಇದು ಆರೋಗ್ಯಕಾಲದ ನಿಯಮ.

ಕಠಿಣವಾದ ರೋಗ ಬಂದಾಗ ದೇಹವು ಈ ನಿಯಮವನ್ನು ಬಿಡುತ್ತದೆ. ಬರಗಾಲದ ವರ್ಷದಲ್ಲಿ ಬುದ್ಧಿವಂತಳಾದ ಯಜಮಾನಿತಿ ಒಲೆಯ ಮೇಲಿನ ಪಾತ್ರೆಯನ್ನು ಸಣ್ಣದು ಮಾಡುವಳು. ಅದನ್ನು ನೋಡಿ ಮನೆಗೆ ಅಡಿಗೆಯೇ ಬರುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ದೇಹವೂ ಹಾಗೆಯೇ ವೆಚ್ಚವನ್ನು ತಗ್ಗಿಸುತ್ತದೆ. ಟಿ-೪ನ್ನು ಟಿ-೩ ಆಗಿ ಮಾರ್ಪಡಿಸುವ ಕೆಲಸ ನಿಧಾನವಾಗುತ್ತದೆ. ಇದಲ್ಲದೆ ಬೇರೊಂದು ಸ್ಥಾನದ ಅಯೋಡಿನ್ ಪರಮಾಣುವನ್ನು ಕಳಚಿ, ಕೆಲಸಕ್ಕೆ ಬಾರದ ಇನ್ನೊಂದು ಬಗೆಯ ಟಿ-೩ನ್ನು ಅದು ಮಾಡಿಡುವುದು. ಪಿಟ್ಯೂಟರಿಯೂ ತನ್ನ ಆಜ್ಞೆಯನ್ನು ಜೋರುಮಾಡದೆ ಸುಮ್ಮನಿರುತ್ತದೆ. ಧರ್ಮಶಾಸ್ತ್ರಗಳಲ್ಲಿ ಆಪದ್ಧರ್ಮವೆಂಬ ಮಾತನ್ನು ವಾಚಕರು ಕೇಳಿರಬಹುದು. ಸುಖಕಾಲದ ಆಚಾರ ಬೇರೆ, ಆಪತ್ಕಾಲದ ಆಚಾರ ಬೇರೆ. ಪ್ರಯೋಗಾಲಯದ ಕಾಗದದಲ್ಲಿ ಅಚ್ಚಾಗಿರುವ ಮಿತಿಗಳಾದರೋ ಆರೋಗ್ಯವಂತರ ರಕ್ತದಿಂದ ಎಣಿಸಿದವು. ಆ ಅಳತೆಗೋಲಿನಿಂದ ಆಪತ್ಕಾಲದ ದೇಹವನ್ನು ಅಳೆದರೆ ಲೆಕ್ಕ ತಪ್ಪುವುದು ಸಹಜ.

ಇದು ಕೊರೋನಾಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ದೀರ್ಘವಾದ ಉಪವಾಸ, ಹೃದಯಾಘಾತ, ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟ ಗಾಯ, ರಕ್ತಕ್ಕೆ ನಂಜೇರುವ ಸೋಂಕು ಇವುಗಳಲ್ಲಿಯೂ ಟಿ-೩ ಇಳಿಯುವುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದಾರೆ. ರೋಗವು ಕಠಿಣವಾದಷ್ಟೂ ಇಳಿತವು ಹೆಚ್ಚು. ಆದುದರಿಂದ ಅದು ಬಹುಮಟ್ಟಿಗೆ ರೋಗದ ತೀವ್ರತೆಯನ್ನು ತೋರಿಸುವ ಗುರುತು. ಹಾಗಾದರೆ ಗುಳಿಗೆಯಿಂದ ಆ ಅಂಕಿಯನ್ನು ಮೇಲೆತ್ತಬಾರದೇ ಎಂದು ಕೇಳಬಹುದು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ೧೯೮೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಠಿಣ ರೋಗದಲ್ಲಿದ್ದವರಿಗೆ ಥೈರಾಕ್ಸಿನ್ ಕೊಟ್ಟಾಗ ಬದುಕಿದವರ ಪ್ರಮಾಣವೇನೂ ಹೆಚ್ಚಲಿಲ್ಲ. ಆಮ್ಲಜನಕಕ್ಕೇ ಕೊರತೆಯಿರುವ ದೇಹದಲ್ಲಿ ಈ ಹಾರ್ಮೋನನ್ನು ಸುರಿದರೆ ಆಮ್ಲಜನಕದ ಬೇಡಿಕೆ ಏರುವುದು, ಹೃದಯದ ಬಡಿತ ಹೆಚ್ಚುವುದು, ಕೆಲವರಲ್ಲಿ ಅದರ ಲಯವೂ ತಪ್ಪುವುದು. ನಮ್ಮ ಚೀಟಿಯ ಪ್ರಕಾರ ನಡೆದಿದ್ದರೆ, ದಣಿದು ಮಲಗಿದವಳನ್ನು ಎಬ್ಬಿಸಿ ಓಡಿಸಿದಂತೆ ಆಗುತ್ತಿತ್ತು.

ಇದಲ್ಲದೆ ಆಸ್ಪತ್ರೆಯ ಔಷಧಗಳೂ ಅಂಕಿಗಳನ್ನು ಕದಲಿಸುತ್ತವೆ. ೨೦೨೦ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಪ್ರಯೋಗದಿಂದ, ಆಮ್ಲಜನಕ ಬೇಕಾದ ಕೊರೋನಾ ರೋಗಿಗಳ ಪ್ರಾಣವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಉಳಿಸಬಲ್ಲುದೆಂದು ತಿಳಿದುಬಂದಿತು. ಅದೇ ಔಷಧವು ಟಿ.ಎಸ್.ಎಚ್.ನ್ನು ತಗ್ಗಿಸುತ್ತದೆ, ಟಿ-೩ರ ತಯಾರಿಯನ್ನೂ ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಟಿ-೪ರ ಅಳತೆಯನ್ನು ಸುಳ್ಳಾಗಿ ಏರಿಸಬಲ್ಲುದು. ಕೂದಲಿಗೂ ಉಗುರಿಗೂ ಒಳ್ಳೆಯದೆಂದು ಜನ ನುಂಗುವ ಬಯೋಟಿನ್ ಎಂಬ ಜೀವಸತ್ತ್ವವು ಹಲವು ಪ್ರಯೋಗಾಲಯಗಳ ಯಂತ್ರಗಳನ್ನು ಮೋಸಗೊಳಿಸುತ್ತದೆ. ಈ ಕಾರಣಗಳಿಂದ, ಥೈರಾಯ್ಡ್ ರೋಗದ ಬಲವಾದ ಅನುಮಾನವಿಲ್ಲದೆ ಕಠಿಣ ಸ್ಥಿತಿಯಲ್ಲಿರುವವರಿಗೆ ಈ ಪರೀಕ್ಷೆಯನ್ನೇ ಮಾಡಿಸಬಾರದೆಂಬುದು ತಜ್ಞರ ಮತ. ಮಾಡಿಸಿದ್ದರೆ, ರೋಗಿ ಚೇತರಿಸಿಕೊಂಡು ಕೆಲವು ವಾರಗಳಾದ ಮೇಲೆ ಪುನಃ ಮಾಡಿಸಿ ನೋಡತಕ್ಕದ್ದು.

ಹಾಗೆಂದು ಕೊರೋನಾ ವೈರಾಣುವು ಥೈರಾಯ್ಡನ್ನು ಮುಟ್ಟುವುದೇ ಇಲ್ಲವೆಂದು ತಿಳಿಯಬಾರದು. ಈ ವೈರಾಣುವು ಜೀವಕೋಶದೊಳಗೆ ಪ್ರವೇಶಿಸಲು ಹಿಡಿದುಕೊಳ್ಳುವ ‘ಎಸಿಇ-೨’ ಎಂಬ ಹಿಡಿಕೆಯು ಥೈರಾಯ್ಡಿನ ಕೋಶಗಳಲ್ಲಿಯೂ ಇದೆ. ಇಟಲಿಯ ಮಿಲಾನ್ ನಗರದಲ್ಲಿ ೨೦೨೦ರಲ್ಲಿ ಆಸ್ಪತ್ರೆ ಸೇರಿದ ೨೮೭ ರೋಗಿಗಳನ್ನು ಪರೀಕ್ಷಿಸಲಾಗಿ ೫೮ ಮಂದಿಯಲ್ಲಿ ಹಾರ್ಮೋನು ಹೆಚ್ಚಾದ ಲಕ್ಷಣವೂ ೧೫ ಮಂದಿಯಲ್ಲಿ ಕಡಿಮೆಯಾದ ಲಕ್ಷಣವೂ ಕಂಡವು. ಅದೇ ವರ್ಷ ಲಂಡನ್ನಿನಲ್ಲಿ ೩೩೪ ರೋಗಿಗಳನ್ನು ನೋಡಲಾಗಿ ನೂರಕ್ಕೆ ಸುಮಾರು ೮೭ ಮಂದಿಯ ಥೈರಾಯ್ಡ್ ಸರಿಯಾಗಿಯೇ ಇತ್ತು. ಅವರ ಟಿ.ಎಸ್.ಎಚ್. ಸ್ವಲ್ಪ ತಗ್ಗಿದ್ದರೂ, ಗುಣಹೊಂದಿದವರಲ್ಲಿ ಪುನಃ ನೋಡಿದಾಗ ಮೊದಲಿನ ಮಟ್ಟಕ್ಕೆ ಮರಳಿತ್ತು. ಊರಿಂದೂರಿಗೆ ಲೆಕ್ಕ ಬೇರೆಯಾದರೂ ಎರಡೂ ಕಡೆ ಬಹುಪಾಲು ಜನರ ಗ್ರಂಥಿ ಕೆಟ್ಟಿರಲಿಲ್ಲ.

ಆದರೆ ಗ್ರಂಥಿಯೇ ಊದಿಕೊಳ್ಳುವ ಒಂದು ನಿಜವಾದ ಕಾಯಿಲೆಯುಂಟು. ಅದನ್ನು ಮನೆಯವರು ತಿಳಿದಿರಬೇಕು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೈನ್ ೧೯೦೪ರಲ್ಲಿ ವಿವರಿಸಿದುದರಿಂದ ಇದು ಅವನ ಹೆಸರಿನಿಂದ ಪ್ರಸಿದ್ಧವಾಗಿದೆ. ನೆಗಡಿ, ಫ್ಲೂ ಮೊದಲಾದ ವೈರಾಣುರೋಗಗಳಾದ ಕೆಲವು ವಾರಗಳ ಮೇಲೆ ಇದು ಕಾಣಿಸಿಕೊಳ್ಳುವುದು. ಕೊರೋನಾದ ಬಳಿಕ ಇದು ಬಂದುದನ್ನು ಮೊದಲು ವರದಿಮಾಡಿದವರು ೨೦೨೦ರಲ್ಲಿ ಇಟಲಿಯ ಪೀಸಾ ನಗರದ ವೈದ್ಯರು. ರೋಗಿ ೧೮ ವರ್ಷದ ಯುವತಿ. ಕೊರೋನಾ ಅವಳಿಗೆ ಹಗುರವಾಗಿಯೇ ಬಂದು ಹೋಗಿತ್ತು. ಕೆಲವು ದಿನಗಳ ತರುವಾಯ ಇದ್ದಕ್ಕಿದ್ದಂತೆ ಜ್ವರ, ಕೊರಳ ನೋವು, ಎದೆ ಬಡಿತಗಳು ಆರಂಭವಾದವು.

ಈ ಕಾಯಿಲೆಯಲ್ಲಿ ಕೊರಳಿನ ಮುಂಭಾಗವನ್ನು ಮುಟ್ಟಿದರೆ ನೋವು. ಅದು ದವಡೆಗೂ ಕಿವಿಗೂ ಹಬ್ಬುವುದರಿಂದ ಹಲ್ಲುನೋವೆಂದೋ ಕಿವಿಯ ಸೋರಿಕೆಯೆಂದೋ ಭಾವಿಸಿ ಜನ ಅಲೆದಾಡುವರು. ನೋವು ಒಂದು ಪಾರ್ಶ್ವದಲ್ಲಿ ಹುಟ್ಟಿ ಇನ್ನೊಂದಕ್ಕೆ ಸರಿಯುವುದೂ ಉಂಟು. ಊದಿಕೊಂಡ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನು ಒಮ್ಮೆಗೇ ಸೋರುವುದರಿಂದ ಎದೆ ಬಡಿದುಕೊಳ್ಳುವುದು, ಕೈ ನಡುಗುವುದು, ಬೆವರು, ನಿದ್ರಾಭಂಗ. ಕಣಜವು ಸೀಳಿ ಭತ್ತ ಸೋರುತ್ತಿರುವಾಗ ಗದ್ದೆಯ ಬೇಸಾಯವನ್ನು ನಿಲ್ಲಿಸಿ ಫಲವೇನು? ಆದುದರಿಂದ ಹಾರ್ಮೋನಿನ ತಯಾರಿಯನ್ನು ತಡೆಯುವ ಔಷಧಗಳು ಇಲ್ಲಿ ಉಪಯೋಗಕ್ಕೆ ಬಾರವು. ಊತವನ್ನು ಇಳಿಸುವ ಔಷಧ, ಅಗತ್ಯವಾದರೆ ಸ್ಟೀರಾಯ್ಡ್, ಎದೆಬಡಿತಕ್ಕೆ ಬೇರೊಂದು ಗುಳಿಗೆ ಇವುಗಳನ್ನು ವೈದ್ಯರು ಕೊಡುವರು. ಸೋರಿ ಮುಗಿದ ಮೇಲೆ ಕೆಲವು ತಿಂಗಳು ಹಾರ್ಮೋನಿನ ಅಭಾವ ತೋರಿ, ಹೆಚ್ಚಿನವರಲ್ಲಿ ಎಲ್ಲವೂ ತಾನಾಗಿ ಸರಿಹೋಗುವುದು. ಅಭಾವವು ಶಾಶ್ವತವಾಗಿ ಉಳಿಯುವವರು ಕೆಲವರೇ. ಜ್ವರ ಬಿಟ್ಟು ತಿಂಗಳಾದರೂ ಎದೆ ಬಡಿದುಕೊಳ್ಳುತ್ತಿದ್ದರೆ, ಕೊರಳು ನೋಯುತ್ತಿದ್ದರೆ, ಎಲ್ಲವನ್ನೂ ‘ನಿಶ್ಶಕ್ತಿ’ ಎಂಬ ಒಂದೇ ಮಾತಿಗೆ ಕಟ್ಟದೆ ವೈದ್ಯರಿಗೆ ತೋರಿಸತಕ್ಕದ್ದು.

ಇನ್ನು ನಮ್ಮ ಮೊದಲನೆಯ ತಪ್ಪಿಗೆ ಬರೋಣ. ಗೃಹಿಣಿಯ ವಿಷಯವು ತಂಗಿಯ ವಿಷಯದಂತಲ್ಲ. ಇವರ ಕಣಜವೇ ಬರಿದಾದುದು. ಹೊರಗಿನಿಂದ ಬರುವ ಗುಳಿಗೆಯೇ ಇವರ ಭತ್ತ. ಥೈರಾಕ್ಸಿನ್ ಶರೀರದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನಗಳು ಬೇಕು. ಆದುದರಿಂದ ಒಂದೆರಡು ದಿನ ತಪ್ಪಿದರೆ ಏನೂ ತೋರುವುದಿಲ್ಲ, ಮೊದಲ ವಾರದಲ್ಲಿ ನಷ್ಟವೇ ಕಾಣುವುದಿಲ್ಲ. ನಾವು ಮೋಸಹೋದುದು ಇಲ್ಲಿಯೇ. ಕೊರೋನಾ ಹೋಯಿತು, ಅವರು ಎದ್ದು ಓಡಾಡಿದರು. ಆದರೆ ಮೂರು ವಾರಗಳಾಗುವಾಗ ಮುಖ ಊದಿದಂತಾಯಿತು. ಮೇ ತಿಂಗಳ ಸೆಕೆಯಲ್ಲಿ ಹೊದಿಕೆ ಬೇಡುತ್ತಿದ್ದರು. ಹಗಲೆಲ್ಲ ತೂಕಡಿಕೆ, ಕರೆದರೆ ಉತ್ತರ ನಿಧಾನ. ಜ್ವರದ ದಣಿವೆಂದು ನಾವು ಸಮಾಧಾನ ಹೇಳಿಕೊಂಡೆವು. ವೈದ್ಯರು ಫೋನಿನಲ್ಲಿ ಆ ಪ್ರಶ್ನೆಯನ್ನು ಕೇಳದೆ ಇದ್ದಿದ್ದರೆ ಇನ್ನೆಷ್ಟು ದಿನ ಹಾಗೆಯೇ ಕಳೆಯುತ್ತಿದ್ದೆವೋ! ಪರೀಕ್ಷಿಸಿದಾಗ ಅವರ ಟಿ.ಎಸ್.ಎಚ್. ಬಹಳ ಮೇಲೇರಿತ್ತು. ಪಿಟ್ಯೂಟರಿಯು ಮೌನವಾಗಿದ್ದ ತಂಗಿಯಲ್ಲಿ ಗುಳಿಗೆ ಬೇಕಿರಲಿಲ್ಲ. ಅದು ಕೂಗಿ ಕರೆಯುತ್ತಿದ್ದ ಗೃಹಿಣಿಯಲ್ಲಿ ಬೇಕಾಗಿತ್ತು.

ಈ ಗುಳಿಗೆಯ ಬೆಲೆಯನ್ನು ತಿಳಿಯಬೇಕಾದರೆ ೧೮೯೧ನೆಯ ಇಸವಿಯನ್ನು ನೆನೆಯಬೇಕು. ಅದಕ್ಕೆ ಮುಂಚೆ ಥೈರಾಯ್ಡ್ ಬತ್ತಿದವರಿಗೆ ಔಷಧವೇ ಇರಲಿಲ್ಲ. ಮೈ ಊದಿ, ಬುದ್ಧಿ ಮಂಕಾಗಿ ಅವರು ಸಾಯುತ್ತಿದ್ದರು. ಆ ವರ್ಷ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡಿನ ಸಾರವನ್ನು ಅಂಥ ಒಬ್ಬ ಸ್ತ್ರೀಗೆ ಚುಚ್ಚಿದನು. ಆಕೆ ಚೇತರಿಸಿಕೊಂಡು ಮುಂದೆ ೨೮ ವರ್ಷ ಬದುಕಿದಳು. ಆ ಸಾರದ ಕೆಲಸವನ್ನೇ ಇಂದು ಈ ಸಣ್ಣ ಗುಳಿಗೆ ಮಾಡುತ್ತಿದೆ. ಅದನ್ನು ಜ್ವರದ ನೆಪದಿಂದ ಕಪಾಟಿಗೆ ಸೇರಿಸಿದೆವಲ್ಲ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಥೈರಾಯ್ಡ್ ತೀರ ಕುಗ್ಗಿದವರಿಗೆ ಚಿಕಿತ್ಸೆಯಿಲ್ಲದಿರುವಾಗ ಸೋಂಕು ಸೇರಿದರೆ ಪ್ರಜ್ಞೆ ತಪ್ಪುವಷ್ಟು ಅಪಾಯ ಒದಗುವುದುಂಟು. ಥೈರಾಯ್ಡ್ ಅತಿಯಾಗಿ ಕೆರಳಿ ಹತೋಟಿಗೆ ಬಾರದವರಿಗೂ ಸೋಂಕಿನಿಂದ ಅಷ್ಟೇ ಅಪಾಯ.

ನಾವು ಕಲಿತುದನ್ನು ಸಂಗ್ರಹಿಸಿ ಹೇಳುವುದಾದರೆ:

ಥೈರಾಕ್ಸಿನ್ ನುಂಗುವ ರೂಢಿಯುಳ್ಳವರು ಎಂಥ ಜ್ವರದಲ್ಲಿಯೂ ಅದನ್ನು ಬಿಡಬಾರದು. ಆಸ್ಪತ್ರೆ ಸೇರಿದರೆ ಮೊದಲ ದಿನವೇ ಅದರ ಹೆಸರನ್ನೂ ಪ್ರಮಾಣವನ್ನೂ ವೈದ್ಯರಿಗೆ ಬರೆದು ಕೊಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳು ಅದನ್ನು ಮೈಗೆ ಹತ್ತಗೊಡವು. ಅವುಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಲಿ.

ಥೈರಾಯ್ಡಿನ ಅತಿಯನ್ನು ತಗ್ಗಿಸಲು ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರವೂ ಗಂಟಲುನೋವೂ ಬಂದರೆ, ಅದು ವೈರಾಣುವಿನದೆಂದು ತಾವೇ ತೀರ್ಮಾನಿಸಬಾರದು. ಆ ಔಷಧದಿಂದ ಅಪೂರ್ವವಾಗಿ ರಕ್ತದ ಬಿಳಿಯ ಕಣಗಳು ಕ್ಷೀಣಿಸುವುದುಂಟು. ಅದರ ಲಕ್ಷಣವೂ ಇದೇ. ಗುಳಿಗೆಯನ್ನು ನಿಲ್ಲಿಸಿ ಆ ದಿನವೇ ವೈದ್ಯರನ್ನು ಕಂಡು ರಕ್ತಕಣಗಳ ಎಣಿಕೆಯನ್ನು ಮಾಡಿಸಬೇಕು.

ಮೊದಲು ಥೈರಾಯ್ಡ್ ರೋಗವಿಲ್ಲದವರಿಗೆ ಕಠಿಣ ಜ್ವರದ ನಡುವೆ ಅಂಕಿ ಕೆಳಗಿಳಿದರೆ, ಮನೆಯವರು ಗುಳಿಗೆಗಾಗಿ ಒತ್ತಾಯಮಾಡಬಾರದು. ಅದು ಗ್ರಂಥಿಯ ರೋಗವೋ ದೇಹದ ಮಿತವ್ಯಯವೋ ಎಂಬುದನ್ನು ವೈದ್ಯರು ನಿರ್ಣಯಿಸಲಿ.

ನಮ್ಮ ತಂಗಿ ಹದಿನೆಂಟು ದಿನಗಳ ಮೇಲೆ ಮನೆಗೆ ಬಂದಳು. ಚೇತರಿಕೆಯ ಆರಂಭದಲ್ಲಿ ಮಾಡಿದ ಪರೀಕ್ಷೆಯಲ್ಲಿ ಅವಳ ಟಿ.ಎಸ್.ಎಚ್. ಮಿತಿಯನ್ನು ತುಸು ಮೀರಿತ್ತು. ನಾವು ಪುನಃ ಗಾಬರಿಗೊಂಡೆವು. “ಮಲಗಿದ್ದ ಯಜಮಾನ ಎದ್ದು ಕೂಗುತ್ತಿದ್ದಾನೆ ಮೇಷ್ಟ್ರೇ, ಇದು ಒಳ್ಳೆಯ ಲಕ್ಷಣ” ಎಂದು ವೈದ್ಯರು ನಕ್ಕರು. ಆರು ವಾರಗಳ ಬಳಿಕ ನೋಡಿದಾಗ ಎಲ್ಲ ಅಂಕಿಗಳೂ ತಮ್ಮ ತಮ್ಮ ಸ್ಥಾನದಲ್ಲಿದ್ದವು, ಒಂದು ಗುಳಿಗೆಯನ್ನೂ ನುಂಗದೆ. ಗೃಹಿಣಿಯವರಾದರೋ ಗುಳಿಗೆಯನ್ನು ಮರಳಿ ಆರಂಭಿಸಿ, ಎರಡು ತಿಂಗಳಲ್ಲಿ ಮೊದಲಿನಂತಾದರು.

ಆಸ್ಪತ್ರೆಯಿಂದ ಹಿಂದಿರುಗಿದ ಆ ಸೀಸೆಯ ಮೇಲೆ ಅವರು ಒಂದು ಕಾಗದದ ತುಂಡನ್ನು ಅಂಟಿಸಿ ತಮ್ಮ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ಈಗ ಅದಿರುವುದು ಕಪಾಟಿನಲ್ಲಲ್ಲ, ಅಡಿಗೆಮನೆಯಲ್ಲಿ, ಕಾಫಿಪುಡಿಯ ಡಬ್ಬಿಯ ಮುಂದೆ. ಅದನ್ನು ಸರಿಸದೆ ಡಬ್ಬಿಗೆ ಕೈ ಹಾಕುವಂತಿಲ್ಲ.